ಸಂಪರ್ಕ ಚೆನ್ನಾಗಿದೆ

ತೊಂದರೆಗೆಲ್ಲ ಮೂಲ, ಗುಮಾಸ್ತರು ಹನ್ನೊಂದು ವರ್ಷದಿಂದ ಹೇಳುತ್ತ ಬಂದಿದ್ದ ಒಂದೇ ಒಂದು ಮಾತು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಯಾರೇ ತಲೆ ತೂರಿಸಿ "ನಗರಕ್ಕೆ ಹೇಗೆ ಹೋಗೋದು?" ಎಂದರೂ ಅವರು ಕಣ್ಣೆತ್ತದೆ ಒದರುತ್ತಿದ್ದರು: "ಬಸ್ಸು ಅರ್ಧ ಗಂಟೆಗೊಂದು, ಎದುರಿಗೇ ರೈಲು, ಪಕ್ಕದಲ್ಲಿ ವ್ಯಾನು. ಸಂಪರ್ಕ ಚೆನ್ನಾಗಿದೆ. ಮುಂದಿನವರು ಬನ್ನಿ!"

ಹೆಂಡತಿಗೆ ನಗರದ ಆಸ್ಪತ್ರೆಯ ಎಕ್ಸ್‌ರೇ ವಿಭಾಗಕ್ಕೆ ವರ್ಗವಾಗಿ ಮೂರು ವರ್ಷವಾಗಿತ್ತು. ಸಾಮಾನು ಸಾಗಿಸಿದ ಲಾರಿಯಲ್ಲಿ ಒಮ್ಮೆ ಹೋದದ್ದು ಬಿಟ್ಟರೆ ಗುಮಾಸ್ತರು ಅತ್ತ ತಲೆ ಹಾಕಿರಲಿಲ್ಲ. ಕಿಟಕಿಗೆ ಭಾನುವಾರವೂ ರಜೆಯಿಲ್ಲ. ಹಾಗಾಗಿ ಶನಿವಾರ ಶನಿವಾರ ಅವಳೇ ಬರುತ್ತಿದ್ದಳು, ಬಂದವಳೇ ಸೊಂಟ ಹಿಡಿದುಕೊಂಡು ಮಲಗುತ್ತಿದ್ದಳು.

ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ನಗರದ ಮುಖ್ಯ ಕಚೇರಿಯಲ್ಲಿ ಬಡ್ತಿಯ ಸಂದರ್ಶನ. ಗೆದ್ದರೆ ನಗರಕ್ಕೇ ವರ್ಗ, ಒಂದೇ ಮನೆ, ಒಂದೇ ಒಲೆ. "ಇನ್ನು ನೀನು ಓಡಾಡೋದು ಬೇಡ. ಆರ್ಡರ್ ಹಿಡ್ಕೊಂಡೇ ಬರ್ತೀನಿ" ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದರು.

ಏಳಕ್ಕೇ ಬಸ್ಸು ಹತ್ತಿ ಕೂತರು. ಏಳೂವರೆಯಾದರೂ ಅದು ಅಲ್ಲಾಡಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಟೇಲರ್ ಕಿಟಕಿಯಲ್ಲಿ ಇಣುಕಿದ.

"ಏನ್ ಸಾರ್, ಸಂದರ್ಶನಕ್ಕೆ ಈ ಡಬ್ಬಾದಲ್ಲಾ? ಇಸ್ತ್ರಿ ಕೆಡುತ್ತೆ! ಇಳೀರಿ, ರೈಲಲ್ಲಿ ಹೋಗಿ."

ಅಷ್ಟು ಹೇಳಿ ಚೀಲವನ್ನೂ ಕೆಳಗಿಳಿಸಿಕೊಂಡ. ಚೀಲದ ಹಿಂದೆ ಗುಮಾಸ್ತರೂ ಇಳಿದರು. ಅವರ ಕಾಲು ನೆಲಕ್ಕೆ ತಾಗಿದ್ದೇ ತಡ, ಬಸ್ಸು ಹೊರಟೇ ಹೋಯಿತು.

ರೈಲು ಸಿಕ್ಕಿತು, ಸೀಟೂ ಸಿಕ್ಕಿತು. ಆದರೆ ಜಂಕ್ಷನ್ನಿನಲ್ಲಿ ಮುಂದಿನ ಬೋಗಿಗಳು ಕಳಚಿಕೊಂಡು ನಗರದ ಕಡೆ ಹೋದವು. ಗುಮಾಸ್ತರಿದ್ದ ಬೋಗಿ ನಿಂತಲ್ಲೇ ನಿಂತಿತ್ತು.

"ಹಿಂದಿನ ನಾಲ್ಕು ಬೋಗಿ ಬೇರೆ ಊರಿಗೆ ಕಣಪ್ಪ" ಎಂದರು ಎದುರು ಕೂತಿದ್ದ ಅಜ್ಜಿ. "ನಾನೂ ಎರಡು ಸಲ ಹಿಂಗೇ ಸಿಕ್ಕಿಹಾಕ್ಕೊಂಡಿದ್ದೆ. ಆ ವಿಚಾರಣೆ ಕಿಟಕೀಲಿ ಒಬ್ಬ ಕೂತಿರ್ತಾನೆ ನೋಡು, ಇದನ್ನ ಬಾಯಿಬಿಟ್ಟು ಹೇಳೋದೇ ಇಲ್ಲ. ಒಂದಿನ ಅವನು ಈ ರೈಲು ಹತ್ತಬೇಕು!"

ಗುಮಾಸ್ತರು ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ಮೆಲ್ಲಗೆ ಅಂಗಿಯೊಳಗೆ ಇಳಿಬಿಟ್ಟರು. ಮೂರು ವರ್ಷ ತಮ್ಮವಳು ಪಟ್ಟ ಪಾಡು ಈಗ ಅರ್ಥವಾಯಿತು.

ಜಂಕ್ಷನ್ನಿನಲ್ಲಿ ಇಳಿದವರಿಗೆ ಉಳಿದದ್ದು ವ್ಯಾನು. ಅದರಲ್ಲಿ ಹದಿನೆಂಟು ಜನ, ನಾಲ್ಕು ಸುಣ್ಣದ ಚೀಲ. ಗುಮಾಸ್ತರಿಗೆ ಸಿಕ್ಕಿದ್ದು ಸುಣ್ಣದ ಚೀಲವೇ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮುಖ್ಯ ಕಚೇರಿ ಹೊಕ್ಕಾಗ ಅವರು ಮುಂದಿನಿಂದ ಗುಮಾಸ್ತರಂತೆಯೂ ಹಿಂದಿನಿಂದ ಹೊಸದಾಗಿ ಬಳಿದ ಗೋಡೆಯಂತೆಯೂ ಕಾಣುತ್ತಿದ್ದರು.

ಮೂವರು ಅಧಿಕಾರಿಗಳು ಕೂತಿದ್ದರು. ಹಿರಿಯರು ಕೇಳಿದರು: "ನಿಮ್ಮ ಊರಿಂದ ಇಲ್ಲಿಗೆ ಬರೋದು ಹೇಗೆ?"

ಸಂಪರ್ಕ ಚೆನ್ನಾಗಿದೆ ಎನ್ನಲು ಗುಮಾಸ್ತರು ಬಾಯಿ ತೆರೆದರು. ಅಜ್ಜಿಯ ಮುಖ ಕಣ್ಣ ಮುಂದೆ ಬಂತು.

"ಹೇಳ್ತೀನಿ ಸಾರ್" ಎಂದು ಶುರು ಮಾಡಿದವರು ಇಪ್ಪತ್ತು ನಿಮಿಷ ನಿಲ್ಲಿಸಲಿಲ್ಲ. ಯಾವ ಬಸ್ಸು ಎಷ್ಟು ಹೊತ್ತು ಕಾಯಿಸುತ್ತದೆ, ಯಾವ ಬೋಗಿ ಎಲ್ಲಿ ಕಳಚುತ್ತದೆ, ವ್ಯಾನಿನಲ್ಲಿ ಯಾವ ಚೀಲದ ಮೇಲೆ ಕೂರಬಾರದು, ಎಲ್ಲ ಹೇಳಿದರು. ಕೊನೆಗೆ ಬೆನ್ನು ತಿರುಗಿಸಿ ನಿಂತು ಸಾಕ್ಷ್ಯವನ್ನೂ ತೋರಿಸಿದರು.

ಹಿರಿಯ ಅಧಿಕಾರಿ ಮೇಜು ಗುದ್ದಿದರು. "ನಮ್ಮತ್ತೆ ಕಳೆದುಹೋಗಿದ್ದೂ ಅದೇ ಬೋಗೀಲಿ ಕಣ್ರೀ! ಈ ಇಲಾಖೇಲಿ ಸತ್ಯ ಹೇಳಿದ ಮೊದಲನೇ ಮನುಷ್ಯ ನೀವು." ಎದ್ದು ಕೈ ಕುಲುಕಿದರು. ಉಳಿದಿಬ್ಬರು ಚಪ್ಪಾಳೆ ತಟ್ಟಿದರು. ಆದೇಶ ಅಲ್ಲೇ ಟೈಪಾಯಿತು.

ಗುಮಾಸ್ತರು ಗೆದ್ದ ಹುರುಪಿನಲ್ಲಿ ಆಸ್ಪತ್ರೆಗೆ ಓಡಿದರು. ಎಕ್ಸ್‌ರೇ ಕೋಣೆಯ ಬಾಗಿಲಲ್ಲೇ ಕಾಗದ ಬೀಸಿದರು. "ಮುಖ್ಯ ವಿಚಾರಣಾಧಿಕಾರಿ ಕಣೇ, ನಿನ್ನ ಗಂಡ!"

ಅಭ್ಯಾಸಬಲದಿಂದ ಅವಳು ಕಾಗದವನ್ನು ಬೆಳಕಿಗೆ ಹಿಡಿದು ಓದಿದಳು. "ರೀ, ಪೂರ್ತಿ ಓದಿದ್ರಾ?"

"ಮೇಲಿನ ಸಾಲು ಓದಿದೆ, ಸಾಲದಾ?"

"ಕೆಳಗೆ ನೋಡಿ."

'ಈ ದಾರಿಗಳನ್ನು ಇಷ್ಟು ಚೆನ್ನಾಗಿ ಬಲ್ಲವರು ಬೇರಾರೂ ಇಲ್ಲದ ಕಾರಣ, ಇವರನ್ನು ಈಗಿರುವ ಕಿಟಕಿಯಲ್ಲೇ ಕಾಯಂಗೊಳಿಸಲಾಗಿದೆ. ಪ್ರತಿ ಭಾನುವಾರ ರಜೆ.'

ಗುಮಾಸ್ತರು ಬೆಂಚಿನ ಮೇಲೆ ಕುಸಿದರು. ಅವಳ ಮುಖವೂ ಒಂದು ಗಳಿಗೆ ಬಾಡಿತು. ಆಮೇಲೆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದಳು, ಕಣ್ಣರಳಿತು.

"ಭಾನುವಾರ ರಜೆ ಅಂತಿದೆಯಲ್ಲ. ಹಾಗಾದ್ರೆ ಇನ್ಮೇಲೆ ಶನಿವಾರ ನೀವೇ ಬನ್ನಿ."

"ನಾನಾ? ವಾರ ವಾರ ಹೇಗೆ ಬರಲಿ?"

"ಬಸ್ಸು ಅರ್ಧ ಗಂಟೆಗೊಂದು, ಎದುರಿಗೇ ರೈಲು, ಪಕ್ಕದಲ್ಲಿ ವ್ಯಾನು. ಸಂಪರ್ಕ ಚೆನ್ನಾಗಿದೆ" ಎಂದು ಕಾಗದವನ್ನು ಅವರ ಜೇಬಿಗೆ ತುರುಕಿ, ರೋಗಿಗಳ ಸಾಲಿನತ್ತ ತಿರುಗಿ ಕೂಗಿದಳು, "ಮುಂದಿನವರು ಬನ್ನಿ!"