ಮಾವನ ಊಟದ ವಿಚಾರಣೆ

ನಮ್ಮ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ; ಅವರು ಏನು ತಿಂದಿದ್ದರು ಎಂಬುದು ಮಾತ್ರ ನೆನಪಿರುತ್ತದೆ! ನಂಬುವುದಿಲ್ಲವೇ? ಮುಂಬೈ ಪಕ್ಕದ ಠಾಣೆಯ ರೈಲ್ವೆ ಸ್ಟೇಷನ್ನಿನಲ್ಲಿ ಹಳೆಯ ಪರಿಚಯದವರೊಬ್ಬರು ಎದುರಾಗಿ "ನನ್ನ ಗುರುತು ಸಿಕ್ಕಿತಾ?" ಎಂದರು. ಮಾವ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ತಟ್ಟೆಯಲ್ಲಿ ಬೀಟ್‌ರೂಟ್ ಪಲ್ಯ ಬಿಡುವವರಲ್ವಾ ನೀವು?" ಎಂದರು. ಆ ಮನುಷ್ಯ ಹಿಗ್ಗಿಹೋದರು.

ನೌಪಾಡಾದ ಹೋಟೆಲೊಂದರಲ್ಲಿ ತಟ್ಟೆ ತೊಳೆಯಲು ಸೇರಿ, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ನಿವೃತ್ತರಾದವರು ನಮ್ಮ ಮಾವ. ಬಾಗಿಲಲ್ಲಿ ಕೊರಿಯರ್‌ನವನು ನಿಂತರೂ ಸರಿ, ಡಾಕ್ಟರು ಇಂಜೆಕ್ಷನ್ ಹಿಡಿದು ನಿಂತರೂ ಸರಿ, ಮೊದಲ ಪ್ರಶ್ನೆ ಒಂದೇ. "ಬೆಳಿಗ್ಗೆ ಎಂತ ತಿಂದದ್ದು?" ಪೊಲೀಸರ ವಿಚಾರಣೆಯಿಂದಲಾದರೂ ತಪ್ಪಿಸಿಕೊಳ್ಳಬಹುದು, ಇದರಿಂದ ಆಗದು.

ನನ್ನ ಚಿಕ್ಕಮ್ಮನ ಮಗಳನ್ನು ನೋಡಲು ಡೊಂಬಿವಲಿಯಿಂದ ಹುಡುಗನ ಕಡೆಯವರು ಬಂದಿದ್ದರು. ಓದು, ಕೆಲಸ, ಸ್ವಂತ ಫ್ಲಾಟು, ಎಲ್ಲವೂ ಒಪ್ಪಿಗೆ. ಅಷ್ಟರಲ್ಲಿ ಮಾವನ ಪ್ರಶ್ನೆ ಬಂತು. ಪಾಪ, ಹುಡುಗ ಸತ್ಯವಂತ. "ಪ್ರೋಟೀನ್ ಶೇಕ್, ಅಂಕಲ್" ಎಂದ. ಮಾವ ನನ್ನನ್ನು ಅಡುಗೆಮನೆಗೆ ಕರೆದರು. "ಈ ಸಂಬಂಧ ಬೇಡ ಮಾರಾಯ್ತಿ. ಪುಡಿ ಕದಡಿ ಕುಡಿಯುವವನಿಗೆ ನಮ್ಮ ಹುಡುಗಿ ಎಂತ ಬಡಿಸುವುದು?" ಮದುವೆಯೇನೋ ನಡೆಯಿತು. ಆದರೆ ಊಟದ ದಿನ ಮಾವ ಮದುಮಗನ ಎಲೆಯ ಎದುರು ನಿಂತವರು, ಅವನು ಹೀರೇಕಾಯಿ ಹುಳಿಯ ಕೊನೆಯ ಹೋಳು ನುಂಗುವವರೆಗೂ ಕದಲಲಿಲ್ಲ!

ಇಂಥವರು ನಿವೃತ್ತರಾದರೆ ಏನಾಗಬೇಡ? ಇದ್ದಕ್ಕಿದ್ದಂತೆ ದಿನಾ ಬೆಳಗಾಗುವ ಮೊದಲೇ ಎರಡು ದೊಡ್ಡ ಚೀಲ ಹಿಡಿದು ಮನೆಯಿಂದ ಮಾಯವಾಗತೊಡಗಿದರು. ಬರುವಾಗ ಚೀಲ ಖಾಲಿ, ಮುಖ ತುಂಬಾ ಖುಷಿ. ಅತ್ತೆ ಕೇಳಿದರೆ "ವಾಕಿಂಗ್" ಎಂಬ ಉತ್ತರ. ಚೀಲ ಹಿಡಿದು ಯಾರು ವಾಕಿಂಗ್ ಹೋಗುತ್ತಾರೆ? ಅತ್ತೆ ನನಗೆ ಫೋನು ಮಾಡಿ, "ಒಮ್ಮೆ ಹಿಂದೆ ಹೋಗಿ ನೋಡಿಕೊಂಡು ಬಾ" ಎಂದರು. ಪತ್ತೇದಾರಿಕೆ ಎಂದರೆ ನನಗೂ ಇಷ್ಟವೇ. ಆಫೀಸಿಗೆ ರಜೆ ಹಾಕಿಬಿಟ್ಟೆ.

ಮಾವ ಮೊದಲು ಸ್ಟೇಷನ್ ಹತ್ತಿರದ ಭಾಜಿ ಮಾರ್ಕೆಟ್, ಅಂದರೆ ತರಕಾರಿ ಪೇಟೆ, ಹೊಕ್ಕರು. ಮೆಂತ್ಯದ ಕಟ್ಟುಗಳನ್ನು ಮೂಸಿ ಮೂಸಿ ಚೀಲಕ್ಕೆ ತುಂಬಿದರು. ಆಮೇಲೆ ವಾಶಿ ಕಡೆಯ ಲೋಕಲ್ ರೈಲಿನ ಲಗೇಜ್ ಡಬ್ಬಿಗೆ ಹತ್ತಿ, ಮೀನಿನ ಬುಟ್ಟಿಗಳ ನಡುವೆ ಕುಳಿತರು. ಪಕ್ಕದ ಡಬ್ಬಿಯಲ್ಲಿ ನಾನು. ಘಣಸೋಲಿಯಲ್ಲಿ ಇಳಿದು ಹಳೆಯ ಊರನ್ನು ದಾಟಿ, ಹೊಸ ಸೆಕ್ಟರಿನಲ್ಲಿ ಏಳುತ್ತಿದ್ದ ಟವರಿನ ಹಿಂದಿನ ತಗಡಿನ ಜೋಪಡಿಗಳ ಎದುರು ಚೀಲ ಇಳಿಸಿದರು. ರಾಯಚೂರು, ಕಲಬುರಗಿ ಕಡೆಯ ಕಟ್ಟಡ ಕೆಲಸದ ಹೆಂಗಸರು ಅವರನ್ನು ಮುತ್ತಿಕೊಂಡರು.

"ನಿನ್ನಿ ಕಟ್ಟು ಭಾಳ ಸಣ್ಣದಿತ್ರೀ ಯಪ್ಪಾ!" ಎಂದು ಒಬ್ಬಳು ಜಗಳ ತೆಗೆದಳು. ಹೋಟೆಲಿನಲ್ಲಿ ಗಿರಾಕಿಗೆ ಎರಡನೇ ಸಲ ಚಟ್ನಿ ಹಾಕಿದ ಮಾಣಿಯನ್ನು ದುರುಗುಟ್ಟಿ ನೋಡುತ್ತಿದ್ದ ನಮ್ಮ ಮಾವ, ತೆಪ್ಪಗೆ ಇನ್ನೊಂದು ಹಿಡಿ ಸೊಪ್ಪು ಸೇರಿಸಿ ಕೊಟ್ಟರು! ನಾನು ಮರಳ ರಾಶಿಯ ಹಿಂದಿನಿಂದ ಎದ್ದು ಬಂದೆ. ಮಾವ ಬೆಚ್ಚಿದರು. ಆದರೂ ಮೊದಲ ಮಾತು ಬದಲಾಗಲಿಲ್ಲ. "ಬೆಳಿಗ್ಗೆ ಎಂತ ತಿಂದದ್ದು?"

ಕತೆ ಶುರುವಾದದ್ದು ಹೀಗೆ. ಸ್ನೇಹಿತರೊಬ್ಬರು ಪಕ್ಕದಲ್ಲೇ ಕಟ್ಟಿ ಮುಗಿದ ಟವರಿನಲ್ಲಿದ್ದ ತಮ್ಮ ಹೊಸ ಫ್ಲಾಟು ತೋರಿಸಲು ಮಾವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಬಾಲ್ಕನಿ ಹೇಗಿದೆ ಎಂದು ಅವರು ಕೇಳಿದರೆ ಮಾವ ಕೆಳಗೆ ನೋಡುತ್ತಾ, "ಆ ಬಸುರಿ ಹುಡುಗಿ ಬರೇ ಚಾ, ಪಾವ್ ತಿಂತಿದ್ದಾಳೆ ಮಾರಾಯ್ರೆ" ಎಂದರಂತೆ. ಆ ಹುಡುಗಿಯೇ ಹುಲಿಗೆಮ್ಮ. ಮಗು ಬೆಳೆಯುತ್ತಿಲ್ಲ, ರಕ್ತ ಸಾಲದು, ಸೊಪ್ಪು ತರಕಾರಿ ತಿನ್ನು ಎಂದು ದವಾಖಾನೆಯಲ್ಲಿ ಅವಳಿಗೆ ಹೇಳಿದ್ದರು. ಹೇಳುವುದು ಸುಲಭ. ಅಲ್ಲಿ ಹತ್ತಿರ ಸಿಗುವುದು ವಡಾಪಾವ್ ಗಾಡಿ ಮತ್ತು ಕುರುಕಲು ಪಾಕೀಟುಗಳ ತೋರಣ ಕಟ್ಟಿದ ಒಂದು ಅಂಗಡಿ. ತರಕಾರಿ ಗಾಡಿ ನಿಲ್ಲುವುದು ಆ ಟವರಿನ ಗೇಟಿನಲ್ಲಿ, ದರವೂ ಟವರಿನಷ್ಟೇ ಎತ್ತರ! ಹಳೆ ಊರಿನ ಪೇಟೆಗೆ ಹೋಗೋಣವೆಂದರೆ, ಇವರ ಕೆಲಸ ಬಿಡುವ ಹೊತ್ತಿಗೆ ಅಲ್ಲಿ ಉಳಿದಿರುವುದು ಬಾಡಿದ ಎಲೆ.

ಮಾವ ಸುಮ್ಮನಿದ್ದಾರೆಯೇ? ಮಾರನೆಯ ದಿನವೇ ದೊಡ್ಡ ಪಾತ್ರೆಯ ತುಂಬಾ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ ಹೊತ್ತುಕೊಂಡು ಹಾಜರಾದರು. ಉಡುಪಿ ಕಡೆಯವರಿಗೆ ಗಂಜಿಗಿಂತ ಮಿಗಿಲಾದ ಪುಷ್ಟಿ ಭೂಮಿಯ ಮೇಲೆ ಉಂಟೇ? ಹೆಂಗಸರು ಪಾತ್ರೆಯೊಳಗೆ ಇಣುಕಿದರು. ಹುಲಿಗೆಮ್ಮ ಕಳವಳದಿಂದ ಕೇಳಿದಳು. "ಯಪ್ಪಾ, ನಿಮ್ಮನ್ಯಾಗ ಯಾರಿಗರ ಜಡ್ಡ ಐತೇನ್ರಿ?"

"ಇಲ್ಲ ಇಲ್ಲ, ನಿಮಗೇ ತಂದದ್ದು."

"ನಮಗ್ಯಾರಿಗೂ ಜಡ್ಡಿಲ್ಲರೀ!"

ಜೋಳದ ರೊಟ್ಟಿಯ ನಾಡಿನವರಿಗೆ ಅಕ್ಕಿಯ ಗಂಜಿ ಎಂದರೆ ಹಾಸಿಗೆ ಹಿಡಿದವರ ಪಥ್ಯ! ಆ ದಿನ ಗಂಜಿ ಪಾತ್ರೆ ಹಾಗೇ ವಾಪಸಾಯಿತು. ನೆರೆಹೊರೆಗೆಲ್ಲ ಹಂಚಿದರೂ ಮುಗಿಯಲಿಲ್ಲ ಎಂದು ಅತ್ತೆ ಈಗಲೂ ಹೇಳುತ್ತಾರೆ. "ಎಲ್ಲಿಂದ ವಾಪಸು?" ಎಂದು ಕೇಳಿದ್ದಕ್ಕೆ ಮಾತ್ರ ಮಾವ ಬಾಯಿ ಬಿಟ್ಟಿರಲಿಲ್ಲ.

ಮುಖ ಸಣ್ಣದು ಮಾಡಿಕೊಂಡ ಮಾವನಿಗೆ ಹುಲಿಗೆಮ್ಮನೇ ದಾರಿ ತೋರಿಸಿದ್ದು. "ರೊಟ್ಟಿ ನಾವ ಬಡ್ಕೋತೀವ್ರಿ. ಹಚ್ಕೊಳ್ಳಾಕ ಏನೂ ಸಿಗಂಗಿಲ್ಲ ಅಂತ ಪಾವ್ ತಿನ್ನೂದು. ಮೆಂತ್ಯಾ ಪಲ್ಲೆ ಇದ್ರ ಹಸೀದ ತಿಂತೀವಿ. ಪುಗಸಟ್ಟೆ ಬ್ಯಾಡ್ರಿ, ಮಾರ್ಕೆಟ್ ರೇಟಿಗೆ ತಂದ್ಕೊಡ್ರಿ ಸಾಕು." ಅಂದಿನಿಂದ ಮಾವ ಭಾಜಿವಾಲ ಆದರು. ಮೆಂತ್ಯದ ಜೊತೆ ಮೂಲಂಗಿ, ಹೆಸರುಕಾಳು, ಶೇಂಗಾ ಬಂದವು. ಲಾಭವಿಲ್ಲದ ಈ ವ್ಯಾಪಾರದಲ್ಲಿ ಅವರಿಗೆ ಬೇಕಿದ್ದದ್ದು ದಿನದ ವರದಿ. ಹುಲಿಗೆಮ್ಮ ಎಷ್ಟು ತಿಂದಳು, ತಲೆ ತಿರುಗಿತೇ, ಮಗು ಒದೆಯಿತೇ? ಅವಳ ಗಂಡನೇ ಒಮ್ಮೆ ನಕ್ಕು, "ಚಿಂತಿ ಎಲ್ಲಾ ಇವರ ಮಾಡ್ತಾರ, ನನಗ ಏನೂ ಉಳಿಸಿಲ್ಲ" ಎಂದ. ಆದರೆ ಮಾವ ನಗಲಿಲ್ಲ. ಅತ್ತೆಗೆ ಎಲ್ಲ ವರದಿ ಒಪ್ಪಿಸಿದೆ, ಆದರೆ ಅಷ್ಟೊಂದು ಹೆದರಿಕೆ ಯಾಕೆಂದು ನನಗೆ ತಿಳಿಯಲಿಲ್ಲ.

ಶ್ರಾವಣದಲ್ಲಿ ಹೆರಿಗೆಯಾಯಿತು. ಹೆಣ್ಣುಮಗು, ದುಂಡಗೆ ಇತ್ತು, ಗಂಟಲು ಮಾತ್ರ ರೈಲಿನ ಹಾರ್ನಿನಷ್ಟು ಜೋರು! ಬಾಣಂತನಕ್ಕೆ ಊರಿಗೆ ಹೊರಡುವ ಮೊದಲು ಹುಲಿಗೆಮ್ಮ ಮಗುವನ್ನು ತೋರಿಸಲು ನೌಪಾಡಾದ ಮಾವನ ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ. ಅತ್ತೆ ಮಗುವನ್ನು ಮಡಿಲಿಗೆ ತೆಗೆದುಕೊಂಡರು. ಅದರ ಕಾಲಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು.

"ನಮ್ಮದೂ ಹೆಣ್ಣೇ ಆಗಿತ್ತು" ಎಂದರು. ಮನೆಯಲ್ಲಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ. "ಹುಟ್ಟುವಾಗಲೇ ಉಸಿರು ಇರಲಿಲ್ಲ. ಆಗ ನಾವು ಚಾಳಿನ ಒಂದೇ ಕೋಣೆಯಲ್ಲಿ ಇದ್ದದ್ದು. ಬಸುರಿಯಾಗಿದ್ದರೂ, ಒಬ್ಬಳಿಗೆ ಎಂತ ಬೇಯಿಸುವುದು ಅಂತ ನಾನು ಚಾಯಲ್ಲೇ ದಿನ ಕಳೀತಿದ್ದೆ. ಇವರು ಅಷ್ಟು ಜನಕ್ಕೆ ಬಡಿಸಿ, ಸುಸ್ತಾಗಿ ಬಂದು, ಊಟ ಆಯ್ತಾ ಅಂತ ಕೇಳ್ತಿದ್ದರು. ಆಯ್ತು ಅಂತ ನಾನು ಹೇಳ್ತಿದ್ದೆ."

ಮಾವ ಕಿಟಕಿಯ ಹತ್ತಿರ ನಿಂತಿದ್ದರು. ತಿರುಗಿ ನೋಡಲಿಲ್ಲ. ನನಗೆ ಅಳು ಬಂತು. ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಾವೆಲ್ಲ ಎಷ್ಟೊಂದು ನಕ್ಕಿದ್ದೆವು.

ಹುಲಿಗೆಮ್ಮ ಸಂಕೋಚದಿಂದ ಕೈ ಚಾಚಿದಳು. "ಕೂಸಿನ್ನ ಕೊಡ್ರಿ ಯವ್ವಾ, ಗಾಡಿ ತಪ್ತೈತಿ."

"ಮುಂದಿನ ಲೋಕಲಿಗೆ ಹೋದರಾಯ್ತು ಮಾರಾಯ್ತಿ" ಎಂದರು ಅತ್ತೆ. "ಇನ್ನು ಸ್ವಲ್ಪ ಹೊತ್ತು ನನ್ನ ಹತ್ರ ಇರಲಿ."