ಪೂಜೆಗಿಟ್ಟ ಕತ್ತಿ ಕಾಣೆಯಾದದ್ದು

ಐವತ್ತು ದಾಟಿದ ಹೆಂಗಸು ಸಂಜೆ ಹೊತ್ತು ಸೀರಿಯಲ್ ನೋಡಬೇಕು, ಇಲ್ಲವೇ ಭಜನೆಗೆ ಹೋಗಬೇಕು ಎಂದು ಯಾರು ಕಾನೂನು ಮಾಡಿದರೋ ನನಗೆ ಗೊತ್ತಿಲ್ಲ. ನಾನು ರಾಕ್ಷಸರನ್ನು ಕೊಲ್ಲುತ್ತೇನೆ. ಟಿ.ವಿ.ಯೊಳಗೆ, ಸೋಫಾದ ಮೇಲೆ ಕಾಲು ಮಡಚಿ ಕೂತು, ಎರಡೂ ಕೈಯಲ್ಲಿ ರಿಮೋಟಿನಂಥದ್ದೊಂದನ್ನು ಹಿಡಿದು ಕೊಲ್ಲುತ್ತೇನೆ. ನೆಂಟರು ಬಂದರೆ ನನ್ನ ಯಜಮಾನರು "ಮಗಳ ಗೇಮು, ಸರಿಯಾಗಿದೆಯಾ ಅಂತ ನೋಡ್ತಾ ಇದ್ದಾಳೆ" ಎಂದು ಮುಚ್ಚಿಹಾಕಲು ನೋಡುತ್ತಾರೆ. ನಾನು ಬಿಡುವುದಿಲ್ಲ. "ಗೇಮು ನನ್ನದೇ. ಒಂದು ನಿಮಿಷ ಕೂತಿರಿ, ಇವನನ್ನು ಮುಗಿಸಿ ಕಾಫಿ ಮಾಡ್ತೀನಿ" ಎನ್ನುತ್ತೇನೆ. ನಮ್ಮ ಮನೆಯಲ್ಲಿ ಕಾಫಿ ತಡ ಎಂದು ಪೊನ್ನಂಪೇಟೆಯಲ್ಲಿ ಹೆಸರಾಗಿದೆ. ಆಗಲಿ.

ಕೊರೊನಾ ಕಾಲದಲ್ಲಿ ಮನೆಯೊಳಗೇ ಕೂತು ತಲೆಕೆಟ್ಟಾಗ ಮಗಳು ಪೂವಿ ಇದನ್ನು ಕಲಿಸಿದ್ದು. ಆಟ ಸರಳ. ನಾನೊಬ್ಬ ಯೋಧೆ, ಊರೂರು ಸುತ್ತಿ ಹೊಡೆದಾಡಬೇಕು, ಹೊಡೆದಾಡಿದಷ್ಟೂ ಬಲ ಬರುತ್ತದೆ, ಕೊನೆಗೆ ಕೋಟೆಬಾಗಿಲಲ್ಲಿ ಮೂರು ತಲೆಯ ಒಬ್ಬ ರಾಕ್ಷಸ. ಶುರುವಿಗೇ ಕೈಗೆ ಒಂದು ತುಕ್ಕು ಹಿಡಿದ ಕತ್ತಿ ಕೊಡುತ್ತಾರೆ. ತುದಿ ಬಾಗಿದ್ದು, ಥೇಟು ನಮ್ಮ ತೋಟದಲ್ಲಿ ಕಾಡು ಸವರುವ ಕತ್ತಿಯ ಹಾಗೆ. ಎಲ್ಲರೂ ಅದನ್ನು ಮೊದಲ ಹಳ್ಳಿಯಲ್ಲೇ ಬಿಸಾಡಿ ದೊಡ್ಡ ಖಡ್ಗ ಹಿಡಿಯುತ್ತಾರಂತೆ. ನಾನು ಬಿಸಾಡಲಿಲ್ಲ. ದಾರಿಯಲ್ಲಿ ಸಿಕ್ಕ ಕಮ್ಮಾರರಿಂದೆಲ್ಲ ಸಾಣೆ ಹಿಡಿಸಿಕೊಂಡು ಕೋಟೆಬಾಗಿಲ ತನಕ ಅದರಲ್ಲೇ ಬಂದೆ. ರಾಕ್ಷಸನ ಎರಡು ತಲೆ ತೆಗೆದದ್ದೂ ಅದರಲ್ಲೇ. ಮೂರನೆಯದು ಏನು ಮಾಡಿದರೂ ಬೀಳಲಿಲ್ಲ. ರೋಸಿಹೋಗಿ ಆ ಆಟ ಬಿಟ್ಟು ಬೇರೆ ಆಟ ಹಿಡಿದೆ.

ಒಂದು ಮೊಂಡು ಕತ್ತಿಯ ಮೇಲೆ ಇಷ್ಟೇಕೆ ಮೋಹ ಎನ್ನುತ್ತೀರೇನೋ. ನಾನು ಶಿರಂಗಾಲದ ಕಡೆ ಜೋಳ ಬೆಳೆಯುವ ಮನೆಯಿಂದ ಇಲ್ಲಿಗೆ, ಕೊಡವರ ಕುಟುಂಬಕ್ಕೆ, ಸೊಸೆಯಾಗಿ ಬಂದವಳು. ಇಲ್ಲಿ ಕೈಲ್ ಮುಹೂರ್ತದ ದಿನ ಮನೆಯ ಕೋವಿ, ಕತ್ತಿಗಳನ್ನೆಲ್ಲ ಒರೆಸಿ ದೇವರ ಕೋಣೆಯಲ್ಲಿಟ್ಟು, ತೋಕ್‌ಪೂ ಹೂವು ಮುಡಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮನೆಯ ಹಿರಿಯರು ಅವರವರ ಆಯುಧವನ್ನು ಅವರವರ ಕೈಗೆ ಎತ್ತಿಕೊಡಬೇಕು. ಮಾವ ಹೋದಮೇಲೆ ಅದು ಅತ್ತೆಯ ಕೆಲಸ. ಯಜಮಾನರಿಗೆ ಕೋವಿ ಕೊಡುತ್ತಾರೆ, ಪೂವಿಗೆ ಅವಳ ಅಜ್ಜ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಪೀಚೆಕತ್ತಿ. ಅಷ್ಟು ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಕಡುಬು ಬೆಂದಿದೆಯಾ ಎಂದು ನೋಡುತ್ತಿರುತ್ತೇನೆ. ಯಾರೂ ಬೇಕೆಂದು ಮಾಡಿದ್ದಲ್ಲ, ಯಾರಿಗೂ ಹೊಳೆದಿರಲಿಲ್ಲ. ನಾನೂ ಬಾಯಿಬಿಟ್ಟು ಕೇಳಲಿಲ್ಲ. ಆದರೆ ವರ್ಷವರ್ಷವೂ ಹೊಟ್ಟೆ ಉರಿಯುತ್ತಿತ್ತು, ಅದನ್ನೇಕೆ ಮುಚ್ಚಿಡಲಿ. ಹಾಗಾಗಿ ಆಟ ಕಲಿತ ವರ್ಷ ಹಬ್ಬದ ಬೆಳಿಗ್ಗೆ ನನ್ನ ಯೋಧೆಯನ್ನು ಅಲ್ಲಿನ ಪಾಳುಗುಡಿಗೆ ನಡೆಸಿಕೊಂಡು ಹೋಗಿ ಕಲ್ಲಿನ ಕಟ್ಟೆಯ ಮೇಲೆ ಕತ್ತಿ ಇಡಿಸಿದೆ. ಟಿ.ವಿ.ಯ ಮುಂದೆ ಒಂದು ಹೂವನ್ನೂ ಇಟ್ಟೆ. ಊಟ ಮುಗಿಸಿ ಬಂದು ನೋಡಿದರೆ ಕತ್ತಿ ಅಲ್ಲೇ ಇತ್ತು. ಆಟ ಬಿಟ್ಟಮೇಲೂ ಹಬ್ಬಕ್ಕೊಮ್ಮೆ ಅದನ್ನು ತೆರೆದು ವರ್ಷವರ್ಷ ಹಾಗೇ ಇಟ್ಟೆ, ಹಾಗೇ ತೆಗೆದುಕೊಂಡೆ. ಕೊಡುವ ಹಿರಿಯರು ಇರಲಿಲ್ಲ ಎಂಬುದೊಂದೇ ಕೊರತೆ.

ಈ ಸಲ ಹಬ್ಬ ಹತ್ತಿರ ಬಂದಾಗ ಪೂವಿ, "ಅಮ್ಮಾ, ನಿನ್ನ ಹಳೇ ಗೇಮಿಗೆ ಹೊಸ ಪ್ಯಾಚ್ ಬಂದಿದೆ" ಎಂದಳು. ಪ್ಯಾಚ್ ಎಂದರೆ ಆಟ ಮಾಡಿದವರು ಆಮೇಲೆ ಹಾಕುವ ತೇಪೆ. ಹರಿದಲ್ಲಿ ತೇಪೆ ಹಾಕಲು ನನಗೂ ಬರುತ್ತದೆ. ಇವರು ಚೆನ್ನಾಗಿದ್ದಲ್ಲೆಲ್ಲ ಹಾಕಿದ್ದರು. ನನ್ನ ಕಂದು ಕುದುರೆ ಬೆಳ್ಳಗಾಗಿತ್ತು. ಪರಿಚಯದ ಕಮ್ಮಾರ ಅಂಗಡಿ ಖಾಲಿ ಮಾಡಿ ಎಲ್ಲೋ ಹೋಗಿದ್ದ. ಓಡುವುದಕ್ಕಿದ್ದ ಗುಂಡಿಯನ್ನು ನಮಸ್ಕಾರಕ್ಕೆ ಕೊಟ್ಟಿದ್ದರು; ತೋಳ ಮೈಮೇಲೆ ಬರುವಾಗ ಒತ್ತಿದರೆ ನನ್ನ ಯೋಧೆ ಬಗ್ಗಿ ಅದಕ್ಕೆ ಕೈಮುಗಿದಳು. ತೋಳ ಆಶೀರ್ವಾದ ಮಾಡಲಿಲ್ಲ. ಆದರೂ ಕತ್ತಿ ಇದ್ದ ಹಾಗೇ ಇತ್ತು, ಅಷ್ಟು ಸಾಕಾಗಿತ್ತು ನನಗೆ.

ಹಬ್ಬದ ಬೆಳಿಗ್ಗೆ ಎಂದಿನಂತೆ ಪಾಳುಗುಡಿಯಲ್ಲಿ ಕತ್ತಿ ಇಟ್ಟು, ಆಟ ಮುಚ್ಚಿ, ಕಡುಬಿನ ಕಡೆ ಹೋದೆ. ಊಟವಾದ ಮೇಲೆ ಬಂದು ನೋಡುತ್ತೇನೆ, ಕಟ್ಟೆ ಖಾಲಿ. ಗುಡಿಯ ಸುತ್ತ ಹುಡುಕಿದೆ, ಪೊದೆಯೊಳಗೆ ಹುಡುಕಿದೆ, ಸೋಫಾದ ಕೆಳಗೂ ಒಮ್ಮೆ ಬಗ್ಗಿ ನೋಡಿದೆ. ಪೂವಿ ಮೊಬೈಲಿನಲ್ಲಿ ಏನೋ ಓದಿ ತಲೆ ಚಚ್ಚಿಕೊಂಡಳು.

"ಅಮ್ಮಾ, ನೆಲದ ಮೇಲೆ ಬಿಟ್ಟಿದ್ದೆಲ್ಲ ಇನ್ಮುಂದೆ ತಾನಾಗೇ ಕ್ಲೀನ್ ಆಗುತ್ತಂತೆ. ಗೇಮ್ ಸ್ಪೀಡಾಗ್ಲಿ ಅಂತ."

"ನಾನು ಬಿಟ್ಟಿದ್ದಲ್ಲ, ಪೂಜೆಗೆ ಇಟ್ಟಿದ್ದು."

"ಅದು ಅವರಿಗೆ ಹೇಗಮ್ಮ ಗೊತ್ತಾಗ್ಬೇಕು? ಹಾಗೆ ಇಡೋರು ಪ್ರಪಂಚದಲ್ಲಿ ನೀನೊಬ್ಬಳೇ. ಪ್ಯಾಚ್ ಜೊತೆ ಹೊಸ ಖಡ್ಗ ಸುಮ್ಮನೆ ಕೊಟ್ಟಿದ್ದಾರೆ ನೋಡು, ಬೆಂಕಿ ಉಗುಳುತ್ತೆ. ತಗೋ."

ತೆಗೆದುಕೊಳ್ಳಲಿಲ್ಲ. ನನ್ನ ಕತ್ತಿಯನ್ನು ಕಸವೆಂದು ಗುಡಿಸಿದವರ ಕೈಯಿಂದ ಬೆಂಕಿಯಲ್ಲ, ಬೆಂಕಿಪೊಟ್ಟಣವೂ ಬೇಡ. ಬರಿಗೈಯಲ್ಲೇ ಕೋಟೆಬಾಗಿಲಿಗೆ ಹೋದೆ. ರಾಕ್ಷಸನಿಗೆ ತೇಪೆಯ ದಯದಿಂದ ನಾನು ತೆಗೆದ ಎರಡೂ ತಲೆ ಮತ್ತೆ ಬಂದಿದ್ದವು. ಗುದ್ದಿದೆ, ಸತ್ತೆ. ಒದ್ದೆ, ಸತ್ತೆ. ಸಂಜೆಯೆಲ್ಲ ಸಾಯುವುದು, ಮರುದಿನ ಮತ್ತೆ ಹೋಗುವುದು. ಯಜಮಾನರು, "ಆ ಖಡ್ಗ ತಗೊಂಡ್ರೆ ಏನೇ ಗಂಟು ಹೋಗುತ್ತೆ?" ಎಂದರು. ಮಾನ ಹೋಗುತ್ತದೆ ಎಂದೆ.

ಒಂದು ಸಂಜೆ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಟಿ.ವಿ. ಕಡೆ ನೋಡಿ, "ಪೂವಿ ಎಲ್ಲ ಹೇಳಿದಳು. ಪೂಜೆಗಿಟ್ಟ ಆಯುಧ ಗುಡಿಸಿ ಎಸೆಯೋರ ಊರಿಗೆ ಮತ್ತೆ ಯಾಕೆ ಹೋಗ್ತೀಯ ಸರೋಜ?" ಎಂದರು.

"ತಲೆ ಬಾಕಿ ಇದೆ ಅತ್ತೆ."

ಅವರು ಎದ್ದು ದೇವರ ಕೋಣೆಗೆ ಹೋದರು. ಬರುವಾಗ ಕೈಯಲ್ಲಿ ಮರದ ಹಿಡಿ ಸವೆದು ನುಣುಪಾದ ಕತ್ತಿ. ತಾವು ಸೊಸೆಯಾಗಿ ಬಂದಂದಿನಿಂದ ಬಳಸುತ್ತಿದ್ದದ್ದು. ಹಬ್ಬದ ದಿನ ಮಗನಿಗೆ ಕೋವಿ ಕೊಡುವ ಹಾಗೇ ಎರಡೂ ಕೈಯಲ್ಲಿ ನೀಡಿದರು. "ಬೇಕು ಅಂತ ಬಾಯಿಬಿಟ್ಟು ಹೇಳೋದಲ್ವಾ? ಇಷ್ಟು ವರ್ಷ ಟಿ.ವಿ.ಯೊಳಗೆ ಇಟ್ಕೊಂಡು ಕೂತಿದ್ದೀಯಲ್ಲ. ಹಿಡ್ಕೊ. ಇದು ಇಟ್ಟಲ್ಲೇ ಇರುತ್ತೆ" ಎಂದರು. ಕೈಯಲ್ಲಿದ್ದುದನ್ನು ಸೋಫಾದ ಮೇಲೆ ಬಿಟ್ಟು ನಾನೂ ಎರಡೂ ಕೈಯಲ್ಲಿ ತೆಗೆದುಕೊಂಡೆ. ಆಟದಲ್ಲಿ ರಾಕ್ಷಸ ನನ್ನನ್ನು ಮತ್ತೊಮ್ಮೆ ಕೊಂದ. ನಾನು ನೋಡಲೇ ಇಲ್ಲ.

ಕತ್ತಿ ಬಂದರೆ ಕೆಲಸವೂ ಬರುತ್ತದೆ ಎಂದು ಮರುದಿನ ಬೆಳಿಗ್ಗೆ ತಿಳಿಯಿತು. ಹಿತ್ತಿಲಲ್ಲಿ ಗೊನೆ ತೆಗೆದ ಬಾಳೆಯೊಂದಿತ್ತು. ಅದನ್ನು ಕಡಿಯಲು ಅತ್ತೆ ಹೇಳಿದರು. ಎರಡು ತಲೆ ತೆಗೆದವಳಿಗೆ ಬಾಳೆ ಯಾವ ಲೆಕ್ಕ ಎಂದು ಸೆರಗು ಸಿಕ್ಕಿಸಿ ಬೀಸಿದೆ. ಮೊದಲ ಏಟು ಜಾರಿತು. ಎರಡನೆಯದಕ್ಕೆ ಕತ್ತಿ ಬಾಳೆಯೊಳಗೇ ಕಚ್ಚಿಕೊಂಡಿತು. ಕಾಲು ಕೊಟ್ಟು ಎಳೆದರೆ ಕತ್ತಿ ಬಂತು, ನಾನು ಕೂತೆ. ಬಾಳೆ ನಿಂತೇ ಇತ್ತು.

"ಏನಾಯ್ತು?" ಎಂದರು ಅತ್ತೆ ಜಗುಲಿಯಿಂದ.

ನಾನು ಎದ್ದು ಸೀರೆ ಕೊಡವಿಕೊಂಡು, ಕತ್ತಿಯನ್ನು ಮತ್ತೆ ಎತ್ತಿದೆ. "ಏನಿಲ್ಲ ಅತ್ತೆ, ಬಾಳೆಗೂ ಹೊಸ ಪ್ಯಾಚ್ ಬಂದ ಹಾಗಿದೆ" ಎಂದೆ.