ದಿಬ್ಬಣದ ಕುದುರೆ ಮತ್ತು ನನ್ನ ಮನವಿ ಪತ್ರ

ಅನ್ಯಾಯ ಕಂಡರೆ ನನಗೆ ಆಗುವುದಿಲ್ಲ. ಅದರಲ್ಲೂ ಅನ್ಯಾಯ ನನಗೇ ಆದರೆ ಕೇಳಲೇಬೇಡಿ.

ಚನ್ನಪಟ್ಟಣದಲ್ಲಿ ನನ್ನದೊಂದು ಮರದ ಗೊಂಬೆ ಅಂಗಡಿ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಬಿಲ್ ಹಾಕುವ ಕಂಪ್ಯೂಟರಿನಲ್ಲಿ ವಿಡಿಯೋ ಗೇಮ್ ಆಡುತ್ತೇನೆ. ಊರು ಕಟ್ಟುವ ಆಟ. ನಲವತ್ತೆಂಟನೇ ವಯಸ್ಸಿನಲ್ಲಿ ಇದೇನು ಎನ್ನಬೇಡಿ, ನನ್ನ ಹೆಂಡತಿ ಸವಿತಾ ಆಗಲೇ ಎಂದಾಗಿದೆ. ಮೂರು ವರ್ಷದ ಹಿಂದೆ ಆ ಆಟ ಕೊಂಡೆ. ಆಮೇಲೆ ಊರಿಗೆ ಕೆರೆ ಬೇಕೆಂದರೆ ಬೇರೆ ದುಡ್ಡು, ರೈಲು ಬೇಕೆಂದರೆ ಬೇರೆ ದುಡ್ಡು. ಎರಡನ್ನೂ ಕೊಂಡೆ. ಕಳೆದ ತಿಂಗಳು ಕಂಪನಿಯವರು ಅದೇ ಆಟವನ್ನು ಮತ್ತೆ ಬಿಡುಗಡೆ ಮಾಡಿದರು. ಕೆರೆ, ರೈಲು ಎಲ್ಲ ಒಳಗೇ ಸೇರಿಸಿ, ನಾನು ಬರೀ ಊರಿಗೆ ಕೊಟ್ಟಿದ್ದ ಬೆಲೆಗೇ! ಮೇಲೊಂದು ಸೇತುವೆ ಬೇರೆ. ಆ ಸೇತುವೆ ಹಳೇ ಗಿರಾಕಿಗಳಿಗಿಲ್ಲ.

“ಮೊದ್ಲು ನಂಬ್ದೋನಿಗೇ ನಾಮ ಹಾಕವ್ರೆ ಕಣೆ,” ಎಂದೆ.

“ಮೂರು ವರ್ಷ ಆಡಿ ಸಂತೋಷಪಟ್ರಲ್ಲ, ಬುಡಿ ಅತ್ಲಾಗೆ,” ಎಂದಳು ಸವಿತಾ, ಗೊಂಬೆಗಳ ಧೂಳು ಒರೆಸುತ್ತಾ.

ಬಿಡುವ ಪೈಕಿ ಅಲ್ಲ ನಾನು. ಕಂಪನಿಗೆ ಮನವಿ ಪತ್ರ ಬರೆದೆ. “ಮಾನ್ಯರೇ, ಬಿಡಿಬಿಡಿಯಾಗಿ ಮಾರಿದ ಸರಕನ್ನೇ ಒಟ್ಟು ಸೇರಿಸಿ ಅಗ್ಗಕ್ಕೆ ಮಾರುವುದು ಹಳೆಯ ಗಿರಾಕಿಗಳ ನಂಬಿಕೆಗೆ ಬಗೆದ ದ್ರೋಹವೆಂದು ಈ ಮೂಲಕ ಉಗ್ರವಾಗಿ ಖಂಡಿಸುತ್ತೇವೆ.” ‘ಖಂಡಿಸುತ್ತೇನೆ’ ಎಂದರೆ ತೂಕ ಸಾಲದು. ಆದರೆ ‘ಖಂಡಿಸುತ್ತೇವೆ’ ಎಂದ ಮೇಲೆ ಜನ ಬೇಕಲ್ಲ? ಮೊದಲ ಸಹಿ ನಾನೇ ಹಾಕಿ, ಉಳಿದವರ ಸಹಿಗಾಗಿ ಪಕ್ಕದ ಟೀ ಅಂಗಡಿಗೆ ಹೋದೆ.

ಟೀ ಅಂಗಡಿಯ ಸಿದ್ದರಾಜು, “ಎಲ್ಲಿ ಹಾಕ್ಬೇಕು ಹೇಳ್ಲಾ,” ಎಂದು ಓದದೆ ಹಾಕಿದ. ಬೆಂಚಿನ ಮೇಲೆ ಜಯಮ್ಮ ಟೀಚರ್ ಕೂತಿದ್ದರು. ಮೂರನೇ ಕ್ಲಾಸಿನಲ್ಲಿ ನನಗೆ ಪಾಠ ಹೇಳಿದವರು. ದಸರಾಕ್ಕೆ ಮನೆಯಲ್ಲಿ ಗೊಂಬೆ ಕೂರಿಸಲು ಪ್ರತಿ ವರ್ಷ ನನ್ನ ಅಂಗಡಿಗೇ ಬರುತ್ತಿದ್ದರು. ಆಗೀಗ ಸುಮ್ಮನೆ ಬಂದು ಮಾತಾಡಿಸಿಕೊಂಡೂ ಹೋಗುತ್ತಿದ್ದವರು, ಹೋದ ದಸರಾದ ನಂತರ ಅಂಗಡಿಗೆ ತಲೆಯನ್ನೇ ಹಾಕಿರಲಿಲ್ಲ. ಮಂಡಿನೋವಿರಬೇಕು ಎಂದುಕೊಂಡು ಸುಮ್ಮನಿದ್ದೆ, ಆದರೂ ಮನಸ್ಸಿಗೆ ಕಸಿವಿಸಿಯಿತ್ತು.

“ಓದ್ದೆ ಸೈನ್ ಹಾಕಲ್ಲ ಕಣೋ ರಮೇಶ. ಅರ್ಥ ಆಗೋ ಹಂಗೆ ಹೇಳು,” ಎಂದರು.

ವಿಡಿಯೋ ಗೇಮ್ ಹೇಗೆ ಅರ್ಥ ಮಾಡಿಸಲಿ? ನಮ್ಮ ಕಸುಬಿನ ಉದಾಹರಣೆಯನ್ನೇ ಕೊಟ್ಟೆ. “ಈಗ ನೋಡಿ ಟೀಚರ್, ನಾನು ಮದುವೆ ಗಂಡು-ಹೆಣ್ಣಿನ ಜೋಡಿ ಮಾರ್ತೀನಿ ಅಂದ್ಕೊಳ್ಳಿ. ಮುಂದಿನ ವರ್ಷ ವಾಲಗದೋರು, ಅದಕ್ಕೆ ಬೇರೆ ದುಡ್ಡು. ಅದರ ಮುಂದಿನ ವರ್ಷ ಎತ್ತಿನ ಗಾಡಿ. ಆಮ್ಯಾಕೆ ಒಂದಿನ ಇಡೀ ದಿಬ್ಬಣನೇ ಒಂದು ಡಬ್ಬಿಗೆ ತುಂಬಿ...”

ಈ ಉದಾಹರಣೆ ಇಷ್ಟು ಸಲೀಸಾಗಿ ಎಲ್ಲಿಂದ ಬಂತೆಂದು ಆಗ ಹೊಳೆಯಿತು.

“ಜೋಡಿ ಬೆಲೆಗೇ ಕೊಟ್ಟೆ,” ಎಂದು ಟೀಚರೇ ಮುಗಿಸಿದರು. “ನಾನು ಮೂರು ವರ್ಷ ಒಂದೊಂದಾಗಿ ತಗೊಂಡಿದ್ದನ್ನೇ. ಮೇಲೊಂದು ಕುದುರೆನೂ ನೀನು ಇಕ್ಕಿದ್ದೆ. ದಸರಾದಲ್ಲಿ ನಮ್ಮನೆ ಗೊಂಬೆ ನೋಡಕ್ಕೆ ಬಂದ ಎದುರುಮನೆಯೋರು, ನಿಮ್ ದಿಬ್ಬಣದಲ್ಲಿ ಕುದುರೆನೇ ಇಲ್ವಲ್ಲ ಅಂದ್ರು. ಒಸಿ ಬೇಜಾರಾಯ್ತಪ್ಪ.”

“ನನ್ನ ಒಂದ್ ಮಾತು ಕೇಳ್ಬಾರದಾಗಿತ್ತಾ ಟೀಚರ್?”

“ಕೇಳಿದ್ನಲ್ಲ. ಮೂರು ವರ್ಷ ಕೂರ್ಸಿ ಸಂತೋಷಪಟ್ರಲ್ಲ, ಬುಡಿ ಅಂತ ನೀನೇ ಅಂದೆ.”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಟೀಚರ್ ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಪತ್ರದ ತಲೆಯಲ್ಲಿದ್ದ ಕಂಪನಿಯ ಹೆಸರನ್ನು ಹೊಡೆದು ಹಾಕಿ, ಅಲ್ಲಿ ನನ್ನ ಅಂಗಡಿಯ ಹೆಸರು ಬರೆದರು. “ಈಗ ಸರಿ ಐತೆ,” ಎಂದು ದುಂಡಗೆ ಸಹಿ ಮಾಡಿದರು. ಸಿದ್ದರಾಜು ಈಗ ಪತ್ರವನ್ನು ಎರಡು ಸಲ ಓದಿದ.

ಅಂಗಡಿಗೆ ಓಡಿದೆ. ಕುದುರೆ ಬಿಡಿಯಾಗಿ ಇರಲಿಲ್ಲ, ಡಬ್ಬಿಯನ್ನೇ ಒಡೆದೆ. “ಕುದುರೆ ಇಲ್ದಿರೋ ದಿಬ್ಬಣ ಇನ್ಯಾರು ತಗೋತಾರೆ?” ಎಂದು ಸವಿತಾ ಕೂಗುತ್ತಿದ್ದಳು. ವಾಪಸ್ ಬಂದು ಟೀಚರ್ ಕೈಗೆ ಕುದುರೆ ಇಟ್ಟು, “ತಪ್ಪಾಯ್ತು ಟೀಚರ್,” ಎಂದೆ. ಅವರು ಅದನ್ನು ಸೆರಗಿನಲ್ಲಿ ಒರೆಸಿ ನೋಡಿ, “ದಸರಾಕ್ಕೆ ಬತ್ತೀನಿ ಕಣಪ್ಪ,” ಎಂದರು. ನಿಜ ಹೇಳುತ್ತೇನೆ, ನನ್ನ ಕಣ್ಣು ಒದ್ದೆಯಾಯಿತು.

ಪತ್ರ ಕಂಪನಿಗೆ ಹೋಗಲಿಲ್ಲ. ನನ್ನ ಊರಿಗೆ ಇವತ್ತಿಗೂ ಸೇತುವೆಯಿಲ್ಲ, ಜನ ಕೆರೆ ಸುತ್ತಿಕೊಂಡೇ ಓಡಾಡುತ್ತಾರೆ. ಪತ್ರವನ್ನು ಸವಿತಾ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಅಂಟಿಸಿದ್ದಾಳೆ. ಬಂದ ಗಿರಾಕಿಗಳೆಲ್ಲ ಓದುತ್ತಾರೆ. ನನ್ನ ಅಂಗಡಿಯ ದ್ರೋಹವನ್ನು ಉಗ್ರವಾಗಿ ಖಂಡಿಸಿದವರಲ್ಲಿ ಮೊದಲ ಸಹಿ ನನ್ನದೇ.